ಗುಡ್ಡಕ್ಕೆ ಹೇಳಿದ ಲೆಕ್ಕ

ತಿಬುರ್ಸಿಯೊ ಚುಬ್‌ನ ಗಂಟಲು ಕೈಕೊಟ್ಟದ್ದು ಸರಿಯಾಗಿ ಆ ಬುಧವಾರವೇ. ಮೂರು ದಿನ ಏಲಕ್ಕಿ ಒಣಗಿಸುವ ಗೂಡಿನ ಹೊಗೆಯಲ್ಲಿ ಕೂತು ನೆಗಡಿ ಹಿಡಿಸಿಕೊಂಡಿದ್ದ ಮುದುಕ ಬೆಳಿಗ್ಗೆ ಎದ್ದು ಬಾಯಿ ತೆರೆದರೆ ಮಾತು ಬರಲಿಲ್ಲ, ಬರೀ ಗಾಳಿ ಬಂತು. ಅವನದು ಹೊಳೆಯ ಈ ದಂಡೆಯಲ್ಲಿ ನಿಂತು ಕೂಗಿದರೆ ಆಚೆ ದಿಬ್ಬದ ಹಂದಿಗಳು ತಿರುಗಿ ನೋಡುವಂಥ ಗಂಟಲು. ಒಲೆಯ ಮುಂದೆ ಕೂತು ಜೋಳದ ರೊಟ್ಟಿ ತಟ್ಟುತ್ತಿದ್ದ ಮಗಳು ಒತಿಲಿಯಾ ಮೊದಲು ನಕ್ಕುಬಿಟ್ಟಳು.

“ಅಂತೂ ಈ ಮನೆ ಹಣೇಲೂ ಒಂದಿನದ ನೆಮ್ಮದಿ ಬರೆದಿತ್ತು ನೋಡು!”

ಅಪ್ಪ ಕೈಯಲ್ಲಿದ್ದ ಹುಲ್ಲಿನ ಟೋಪಿಯನ್ನು ಅವಳ ತಲೆಯ ಮೇಲೆ ಬೀಸಿದ. ಆಮೇಲೆ ತನ್ನ ಗಂಟಲು ಮುಟ್ಟಿಕೊಂಡು, ಅದೇ ಬೆರಳನ್ನು ಅವಳ ಕಡೆ ತಿರುಗಿಸಿದ. ಇವತ್ತು ಹೇಳುವವಳು ನೀನೇ ಎಂದು ಅದರ ಅರ್ಥ. ಒತಿಲಿಯಾಳ ನಗು ಅಲ್ಲಿಗೇ ನಿಂತಿತು.

ಹೇಳಬೇಕಾದದ್ದು ಗುಡ್ಡಕ್ಕೆ. ಊರಿನ ಹಿಂದಿನ ಸಕ್‌ಪೆಕ್ ಗುಡ್ಡದ ಒಳಗೆ ಹಳೆಯವರ ಕಲ್ಲಿನ ಗುಡಿಯಿದೆ, ಅದರಾಚೆ ಜಲಪಾತವಿದೆ. ಪೇಟೆಯಿಂದ ಬರುವವರನ್ನು ಅಪ್ಪ ಮಗಳು ಜೊತೆಯಾಗಿ ಕರೆದುಕೊಂಡು ಹೋಗಿ ತೋರಿಸಿ ಬರುತ್ತಾರೆ. ಮಗಳಿಗೆ ಗೈಡಿನ ಚೀಟಿ ಇದೆ, ಸ್ಪ್ಯಾನಿಷ್ ಇದೆ. ಅಪ್ಪನಿಗೆ ಇರುವುದು ಗುಡ್ಡದ ಪರಿಚಯ. ಕಾಡಿನ ದಾರಿ ಶುರುವಾಗುವಲ್ಲಿ ಒಂದು ಕರಿಕಲ್ಲಿದೆ. ಅಲ್ಲಿ ಮೇಣದ ಬತ್ತಿ ಹಚ್ಚಿ, ಪೋಮ್ ಧೂಪ ಹಾಕಿ, ನಾವು ಇಂಥವರು, ಇಂಥದ್ದಕ್ಕೆ ಬಂದಿದ್ದೇವೆ, ಇಷ್ಟು ಜನ ಒಳಗೆ ಹೋಗುತ್ತೇವೆ, ಇಷ್ಟೇ ಜನ ಹೊರಗೆ ಬರುತ್ತೇವೆ ಎಂದು ಹೇಳಿ ಹೋಗಬೇಕು. ಬರುವಾಗ ಅದೇ ಕಲ್ಲಿನ ಮುಂದೆ ಅದೇ ಲೆಕ್ಕವನ್ನು ಇನ್ನೊಮ್ಮೆ ಹೇಳಿ ಬತ್ತಿ ಆರಿಸಬೇಕು. ಎರಡೂ ಸಲ ಗಟ್ಟಿಯಾಗಿ.

“ಚರ್ಚಿನ ದೇವರಿಗೆ ಮನಸ್ಸಲ್ಲಿ ಅಂದ್ಕೊಂಡ್ರೂ ಕೇಳುತ್ತೆ,” ಎನ್ನುತ್ತಿದ್ದ ಅಪ್ಪ, ಗಂಟಲು ಇದ್ದ ದಿನಗಳಲ್ಲಿ. “ಗುಡ್ಡಕ್ಕೆ ಬಾಯಿಬಿಟ್ಟು ಹೇಳ್ಬೇಕು.”

ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಅವರ ಮನೆಯಲ್ಲಿ ಯಾರೂ ಮರೆಯುವಂತಿರಲಿಲ್ಲ. ಅಪ್ಪನ ಚಿಕ್ಕಪ್ಪ ಪೌಲಿನೊ ಒಮ್ಮೆ ಐದು ಜನ ಎಂದು ಹೇಳಿ ಹೋಗಿದ್ದ. ದಾರಿಯಲ್ಲಿ ಆರನೆಯವನೊಬ್ಬ ಸೇರಿಕೊಂಡ. ಎಲ್ಲರೂ ಸುಖವಾಗಿ ಹೊರಗೆ ಬಂದರು. ಕುಡಿಯುವ ಆತುರದಲ್ಲಿದ್ದ ಪೌಲಿನೊ ಕಲ್ಲಿನ ಮುಂದೆ ನಿಲ್ಲಲೇ ಇಲ್ಲ. ಲೆಕ್ಕ ಮುಚ್ಚದೇ ಉಳಿಯಿತು. ಆ ವರ್ಷ ಕಳೆಯುವುದರೊಳಗೆ ಅವನ ಚಿಕ್ಕ ಮಗಳು ಮನೆಯ ಹಿತ್ತಲಲ್ಲೇ, ಮೊಣಕಾಲುದ್ದ ನೀರಿನಲ್ಲಿ ಮುಳುಗಿ ಸತ್ತಳು. ಗುಡ್ಡ ಮನೆ ಬಾಗಿಲಿಗೇ ಬಂದು ಕೇಳಿಕೊಂಡು ಹೋಯಿತು ಎಂದು ಹೇಳುವಾಗ ಅಪ್ಪ ಒಂದು ಸಲವೂ ದನಿ ತಗ್ಗಿಸಿದ್ದಿಲ್ಲ.

ಇನ್ನೂ ಒಂದು ಮಾತಿತ್ತು. ಬಸುರಿ ಹೆಂಗಸು ಒಳಗೆ ಹೋದರೆ ಅವಳು ಇಬ್ಬರು. “ನಿಮ್ಮಮ್ಮ ನಿನ್ನ ಹೊಟ್ಟೇಲಿಟ್ಕೊಂಡು ಸೌದೆಗೆ ಬರ್ತಿದ್ಲು. ನಾನು ಮೂರು ಜನ ಅಂತ್ಲೇ ಹೇಳ್ತಿದ್ದೆ. ಹುಟ್ಟೋ ಮುಂಚೆನೇ ಗುಡ್ಡಕ್ಕೆ ನಿನ್ನ ಪರಿಚಯ ಆಗಿತ್ತು ಕಣೇ.”

ಒತಿಲಿಯಾಳ ಸಂಕಟ ಇದೇ. ಅವಳ ಹೊಟ್ಟೆಯಲ್ಲಿದ್ದದ್ದಕ್ಕೆ ಮೂರು ತಿಂಗಳು ತುಂಬಲು ಇನ್ನು ಒಂಬತ್ತು ದಿನ ಬಾಕಿ.

ಈ ಮೊದಲು ಎರಡು ಹೋಗಿದ್ದವು. ಎರಡು ಸಲವೂ ತಿಂಗಳು ನಿಂತ ವಾರವೇ ಸಂಭ್ರಮದಿಂದ ಊರಿಗೆಲ್ಲ ಹೇಳಿಕೊಂಡಿದ್ದಳು. ಎರಡು ಸಲವೂ ಹೆಂಗಸರು ಬಂದು, ಹೊಟ್ಟೆ ನೋಡಿ, ಹೊಗಳಿ ಹೋಗಿದ್ದರು. ಎರಡನೆಯದು ಹೋದಾಗ ಅವೇ ಬಾಯಿಗಳು “ಗಂಡಸರ ಹಾಗೆ ಗುಡ್ಡ ಸುತ್ತಿದರೆ ಇನ್ನೇನಾಗುತ್ತೆ?” ಎಂದವು. ಈ ಸಲ ಅವಳು ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಉತ್ತರದ ತಾಳೆ ತೋಟದಲ್ಲಿ ಕೆಲಸ ಮಾಡುವ ಗಂಡ ಲಾಸಾರೊನಿಗೂ ಹೇಳಿರಲಿಲ್ಲ. ಒಂಬತ್ತು ದಿನ ಕಳೆಯಲಿ, ಲಾಸಾರೊ ಬರಲಿ, ಆಮೇಲೆ ಅಪ್ಪನನ್ನೂ ಕೂರಿಸಿ ಒಟ್ಟಿಗೇ ಹೇಳೋಣ ಎಂದು ಲೆಕ್ಕ ಹಾಕಿದ್ದಳು.

*

ಎಂಟು ಗಂಟೆಗೆ ಪಿಕಪ್ ಬಂತು. ಇಳಿದವರು ಐವರು. ರಾಜಧಾನಿಯ ಇಂಜಿನಿಯರ್ ರೊಖೆಲಿಯೊ, ಅವನ ಹೆಂಡತಿ ಮಿರ್ತಾ, ಮತ್ತು ರಜೆಗೆಂದು ಹೊರಟ ಮೂವರು ಟೀಚರಮ್ಮಂದಿರು. ಇಂಜಿನಿಯರನ ಕೊರಳಲ್ಲಿ ಕ್ಯಾಮೆರಾ, ಸೊಂಟದಲ್ಲಿ ಇನ್ನೊಂದು ಕ್ಯಾಮೆರಾ, ಬಾಯಲ್ಲಿ ಎಡೆಬಿಡದ ಮಾತು. ಕೆಟ್ಟ ಮನುಷ್ಯನೇನಲ್ಲ. ತಾನು ತಿಳಿದದ್ದೆಲ್ಲ ಇತರರಿಗೂ ತಿಳಿಯಲಿ ಎನ್ನುವ ಚಟ, ಅಷ್ಟೆ.

“ರಾತ್ರಿಯೆಲ್ಲ ಮೇಲ್ಗಡೆ ಮಳೆ ಹೊಡೀತಂತಲ್ಲ?” ಎಂದು ಕೇಳಿದ. “ಒಳ್ಳೇದೇ ಆಯ್ತು. ಜಲಪಾತ ಮೈತುಂಬಿಕೊಂಡಿರುತ್ತೆ.”

ಕರಿಕಲ್ಲಿನ ಮುಂದೆ ಒತಿಲಿಯಾ ಮಂಡಿಯೂರಿದಳು. ಅಪ್ಪ ಅವಳ ಬಲಕ್ಕೆ, ಮೊಣಕೈ ತಗುಲುವಷ್ಟು ಹತ್ತಿರದಲ್ಲಿ ಕೂತ. ಬತ್ತಿ ಹಚ್ಚಿದಳು. ಧೂಪದ ಹೊಗೆ ಮೇಲೇಳದೆ ನೆಲದ ಮೇಲೆಯೇ ಹರಡಿತು. ತಮ್ಮ ಊರಿನ ಭಾಷೆಯಲ್ಲಿ ಅವಳು ಶುರುಮಾಡಿದಳು. ಅಪ್ಪಾ ಸಕ್‌ಪೆಕ್, ಅಮ್ಮಾ ಸಕ್‌ಪೆಕ್, ನಿನ್ನ ಮೈಮೇಲೆ ಕಾಲಿಡ್ತಾ ಇದ್ದೀವಿ, ತಪ್ಪಿದ್ರೆ ಹೊಟ್ಟೆಗೆ ಹಾಕ್ಕೋ.

“ಎಷ್ಟು ಜನ ಅಂದ್ರೆ…” ಎಂದು ಅವಳು ತಡವರಿಸಿದಳು.

ಐದು ಮತ್ತು ಎರಡು ಏಳು. ಏಳು ಮತ್ತು ಒಂದು ಎಂಟು. ಎಂಟು ಎಂದರೆ ಮುದುಕನ ಕಿವಿ ನೆಟ್ಟಗಾಗುತ್ತದೆ, ಎದ್ದು ನಿಲ್ಲುತ್ತಾನೆ, ಪ್ರವಾಸ ಇಲ್ಲಿಗೇ ಮುಗಿಯುತ್ತದೆ, ಸಂಜೆಯೊಳಗೆ ಊರಿನ ಹೆಂಗಸರೆಲ್ಲ ಹೊಟ್ಟೆ ನೋಡಲು ಬರುತ್ತಾರೆ. ಅಪ್ಪ ಮೊಣಕೈಯಿಂದ ತಿವಿದ. ಗಟ್ಟಿಯಾಗಿ ಹೇಳು.

“ಏಳು ಜನ!” ಎಂದಳು ಒತಿಲಿಯಾ. “ಏಳು ಜನ ಹೋಗ್ತೀವಿ, ಏಳು ಜನ ಬರ್ತೀವಿ.”

ಇನ್ನೊಂದಿದೆ, ಅದನ್ನೂ ನೋಡಿಕೋ ಎಂದು ಮನಸ್ಸಿನಲ್ಲಿ ಸೇರಿಸಿದಳು. ಸೇರಿಸಿದ್ದು ಯಾರಿಗೂ ತಲುಪುವುದಿಲ್ಲ ಎಂದು ಅವಳಿಗೇ ಗೊತ್ತಿತ್ತು.

*

ಹೊಳೆ ದಾಟುವ ಜಾಗ ಅರ್ಧ ಗಂಟೆಯ ದಾರಿ. ಅಲ್ಲಿ ಈ ದಂಡೆಯ ಮರಕ್ಕೂ ಆ ದಂಡೆಯ ಮರಕ್ಕೂ ಹಗ್ಗ ಕಟ್ಟಿದೆ, ಅದನ್ನು ಹಿಡಿದು ಕಲ್ಲಿನಿಂದ ಕಲ್ಲಿಗೆ ಕಾಲಿಡಬೇಕು. ಆಚೆ ಕಡೆ ಕಡಿದಾದ ಸುಣ್ಣದ ಬಂಡೆಯ ಗೋಡೆ, ಅದರ ಬುಡದಲ್ಲಿ ನೀರಿಗಂಟಿಕೊಂಡೇ ಒಂದು ಓಣಿ. ಓಣಿಯಲ್ಲಿ ಹತ್ತು ನಿಮಿಷ ನಡೆದ ಮೇಲೇ ದಾರಿ ಮೇಲಕ್ಕೆ ಏರುವುದು. ನೀರು ಮಂಡಿಯವರೆಗಿತ್ತು. ಬಣ್ಣ ಮಾತ್ರ ಎಂದಿನಂತೆ ಹಸಿರಾಗಿರಲಿಲ್ಲ, ಹಾಲು ಬೆರೆಸಿದ ಕಾಫಿಯ ಹಾಗಿತ್ತು. ಅಪ್ಪ ಬಗ್ಗಿ ಒಂದು ಬೊಗಸೆ ಎತ್ತಿ, ಮೂಸಿ, ಚೆಲ್ಲಿದ.

“ಏನಂತೆ?” ಎಂದಳು ಒತಿಲಿಯಾ.

“ಮಣ್ಣು,” ಎಂದು ಅಪ್ಪ ಗಾಳಿಯಲ್ಲೇ ಹೇಳಿದ. “ಬೇಗ ಹೋಗಿ ಬೇಗ ಬರೋಣ.”

ಕಾಡು ಸದ್ದಿಲ್ಲದೆ ಇತ್ತು. ಈ ಹೊತ್ತಿಗೆ ಕಿವಿ ಕಿತ್ತುಹೋಗುವಂತೆ ಅರಚಬೇಕಾದ ಕರಿ ಕೋತಿಗಳು ಮರದ ತುದಿಯಲ್ಲಿ ಕೂತಿದ್ದವು, ಆದರೆ ಬಾಯಿ ಬಿಡಲಿಲ್ಲ. ಒಂದಂತೂ ಮರಿಯನ್ನು ಎದೆಗವಚಿಕೊಂಡು ಒತಿಲಿಯಾಳನ್ನೇ ನೋಡಿತು. ಅವಳು ಮುಖ ತಿರುಗಿಸಿಕೊಂಡಳು.

ಗುಡಿ ಎಂದರೆ ದೊಡ್ಡದೇನಲ್ಲ. ಬೇರುಗಳು ಹಿಡಿದು ನಿಲ್ಲಿಸಿದ ಹನ್ನೆರಡು ಮೆಟ್ಟಿಲು, ಮೇಲೊಂದು ಕತ್ತಲ ಕೋಣೆ, ಮುಂದೆ ಆಳೆತ್ತರದ ಕೆತ್ತಿದ ಕಲ್ಲು. ಕಲ್ಲಿನಲ್ಲೊಬ್ಬ ಅರಸ ನಿಂತಿದ್ದಾನೆ. ಗರಿಯ ಕಿರೀಟವಿದೆ, ಕೈಯಲ್ಲಿ ಕೋಲಿದೆ, ಮುಖವಿಲ್ಲ. ಅಪ್ಪನ ಕಾಲಕ್ಕಿಂತ ಮುಂಚೆಯೇ ಕಳ್ಳರು ಗರಗಸ ತಂದು ಮುಖವನ್ನಷ್ಟೇ ಕೊಯ್ದುಕೊಂಡು ಹೋಗಿದ್ದರು. ಮುಖವಿರಬೇಕಾದಲ್ಲಿ ಈಗ ಪಾಚಿ.

“ಈ ಗೆರೆ, ಚುಕ್ಕಿ ಏನಮ್ಮಾ?” ಎಂದು ಮಿರ್ತಾ ಕೇಳಿದಳು.

ಉತ್ತರ ಅಪ್ಪನೇ ಕೊಟ್ಟ. ಇದು ಅವನ ನೆಚ್ಚಿನ ಆಟ, ಗಂಟಲಿಲ್ಲದಿದ್ದರೆ ಬಿಟ್ಟಾನೆಯೇ? ಬಲ ಮೊಣಕೈ ಮಡಿಸಿ, ಮುಂಗೈಯನ್ನು ಎದೆಯ ಮುಂದೆ ಅಡ್ಡ ಹಿಡಿದ.

“ಅಡ್ಡ ಗೆರೆ ಅಂದ್ರೆ ಐದು,” ಎಂದು ಒತಿಲಿಯಾ ಸ್ಪ್ಯಾನಿಷಿನಲ್ಲಿ ಹೇಳಿದಳು. ಅಪ್ಪ ಅದೇ ಕೈಯ ಬೆರಳನ್ನೊಂದು ಎತ್ತಿದ. “ಚುಕ್ಕಿ ಅಂದ್ರೆ ಒಂದು. ಗೆರೆ ಮೇಲೆ ಒಂದು ಚುಕ್ಕಿ ಇದ್ರೆ ಆರು.”

ಟೀಚರಮ್ಮಂದಿರು ಚಪ್ಪಾಳೆ ತಟ್ಟಿ ತಾವೂ ಕೈ ಅಡ್ಡ ಹಿಡಿದರು. ಅಪ್ಪ ಒಬ್ಬೊಬ್ಬರಿಗೂ ಒಂದೊಂದು ಸಂಖ್ಯೆ ತೋರಿಸಿ ಪರೀಕ್ಷೆ ಮಾಡಿದ. ಅಡ್ಡಗೈ, ಎರಡು ಬೆರಳು. “ಏಳು!” ಎಂದು ಇಂಜಿನಿಯರ್ ಎಲ್ಲರಿಗಿಂತ ಮೊದಲು ಕೂಗಿ, ಕ್ಲಾಸಿಗೇ ಮೊದಲು ಬಂದವನ ಹಾಗೆ ಸುತ್ತ ನೋಡಿದ. ಎಲ್ಲರೂ ನಕ್ಕರು.

ಆಮೇಲೆ ಸೋರೆಬುರುಡೆಯಿಂದ ಕೊಕೊ ಹಂಚಿದ್ದೂ ಅಪ್ಪನೇ. ಮೆಣಸು ಹಾಕಿ ಕಲಸಿದ, ಒತಿಲಿಯಾ ಚಿಕ್ಕವಳಾಗಿದ್ದಾಗ ಕದ್ದು ಕುಡಿಯುತ್ತಿದ್ದ ಕೊಕೊ. ವಾಸನೆ ಮೂಗಿಗೆ ಬಡಿದದ್ದೇ ಹೊಟ್ಟೆ ತೊಳಸಿ ಬಂತು. ಬಟ್ಟಲನ್ನು ಮಿರ್ತಾಳ ಕೈಗೆ ದಾಟಿಸಿ, ಮರದ ಹಿಂದೆ ಹೋಗಿ ಉಗುಳು ನುಂಗಿಕೊಂಡು ನಿಂತಳು. ತಿರುಗಿದಾಗ ಅಪ್ಪ ಬುರುಡೆ ಹಿಡಿದುಕೊಂಡು ಅವಳನ್ನೇ ನೋಡುತ್ತಿದ್ದ. ಅವಳ ಅಮ್ಮ ಕೊಕೊ ಬೇಡ ಎನ್ನುತ್ತಿದ್ದದ್ದು ಜನ್ಮದಲ್ಲಿ ಒಂದೇ ಒಂದು ಸಲ, ಒಂಬತ್ತು ತಿಂಗಳು. ಅದು ಅಪ್ಪನಿಗೂ ಗೊತ್ತು, ಒತಿಲಿಯಾಳಿಗೂ ಗೊತ್ತು. ಅಪ್ಪ ಬುರುಡೆಯ ಬಾಯಿ ಮುಚ್ಚಿ, ಹೆಗಲಿಗೆ ಹಾಕಿಕೊಂಡ.

*

ಜಲಪಾತದ ಸದ್ದು ಕಿವಿಗಿಂತ ಮೊದಲು ಅಂಗಾಲಿಗೆ ಕೇಳುತ್ತದೆ. ಆ ದಿನವೂ ಕೇಳಿತು. ಜಲಪಾತ ಬೀಳುವ ಗುಂಡಿಯ ದಂಡೆಯಲ್ಲಿ ಟೀಚರಮ್ಮಂದಿರು ಬೂಟು ಬಿಚ್ಚಿ ಕಾಲು ಇಳಿಬಿಟ್ಟರು. ಇಂಜಿನಿಯರ್ ಮೂರು ಕಾಲಿನ ಸ್ಟ್ಯಾಂಡು ನಿಲ್ಲಿಸಿ ಕಣ್ಣು ಕಿರಿದು ಮಾಡಿದ. ಒತಿಲಿಯಾ ಬಾಳೆ ಎಲೆ ಬಿಚ್ಚಿ ಜೋಳದ ಕಡುಬು ಹಂಚುತ್ತಿದ್ದಳು. ಬೇಗ ತಿನ್ನಿಸಿ ಹೊರಡಿಸಿಬಿಟ್ಟರೆ ಸಾಕು ಎಂದು ಅವಳಿಗೆ.

ನಾಲ್ಕನೆಯ ಕಡುಬು ಬಿಚ್ಚುವಾಗ ಏನೋ ಸರಿಯಿಲ್ಲ ಅನ್ನಿಸಿತು. ಏನೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಟೀಚರಮ್ಮ ಒಬ್ಬಳು ಪಕ್ಕದವಳ ಜೊತೆ ಮಾತಾಡುತ್ತಿದ್ದದ್ದು ಅವಳಿಗೆ ಕೇಳಿಸುತ್ತಿತ್ತು. ಇಲ್ಲಿ ಕಿವಿಗೆ ಬಾಯಿಟ್ಟು ಕಿರುಚಿದರೂ ಕೇಳಬಾರದು.

ತಲೆಯೆತ್ತಿ ನೋಡಿದಳು. ಜಲಪಾತ ಸಣ್ಣಗಾಗುತ್ತಿತ್ತು. ಅಗಲವಾದ ಬಿಳಿ ಪರದೆ ನಡುವೆ ಸೀಳಿ ಎರಡಾಯಿತು, ಎರಡು ನಾಲ್ಕಾಯಿತು. ಅವಳು ಹುಟ್ಟಿದಂದಿನಿಂದ ಯಾರೂ ಕಾಣದ ಹಿಂದಿನ ಬಂಡೆ ಕಪ್ಪಗೆ ಹೊರಬಂತು. ಬಂಡೆಯಲ್ಲೊಂದು ಗವಿ. ಗವಿಯ ಬಾಯಿಯ ಪಕ್ಕ ಕೆತ್ತಿದ ಅಡ್ಡ ಗೆರೆಗಳು, ಚುಕ್ಕಿಗಳು.

“ಅಯ್ಯೋ ನನ್ನಪ್ಪಾ!” ಎಂದ ಇಂಜಿನಿಯರ್. “ಇದನ್ನ ಯಾರೂ ನೋಡಿಲ್ಲ! ಯಾರೂ ಫೋಟೋ ತೆಗ್ದಿಲ್ಲ! ನೀರು ಇಳೀತಾ ಇದೆ ನೋಡ್ರಪ್ಪಾ!”

“ಇಂಜಿನಿಯರೇ, ಬನ್ನಿ ಈ ಕಡೆ. ಹೊರಡ್ಬೇಕು.”

“ಐದೇ ನಿಮಿಷ ತಾಯಿ!” ಎನ್ನುತ್ತಲೇ ಅವನು ಗುಂಡಿಯ ಅಂಚಿನ ಬಂಡೆಗಳ ಮೇಲೆ ಕೋತಿಯಂತೆ ನೆಗೆಯುತ್ತ ಹೊರಟ.

ಅಪ್ಪ ಎದ್ದು ನಿಂತಿದ್ದ. ಅವನ ಮುಖ ನೋಡಿ ಒತಿಲಿಯಾ ಕೈಯಲ್ಲಿದ್ದ ಕಡುಬು ಕೆಳಗಿಟ್ಟಳು. ಅವನು ಹತ್ತಿರ ಬಂದು, ಅವಳ ಕಿವಿಯಲ್ಲಿ ಗಾಳಿಯಾಗಿ ಹೇಳಿದ.

“ಮೇಲೆ ಗುಡ್ಡ ಜರಿದಿದೆ. ಮರ, ಮಣ್ಣು ಎಲ್ಲ ಅಡ್ಡ ಬಿದ್ದು ಹೊಳೆ ಬಾಯಿ ಕಟ್ಟಿದೆ. ಹಿಂದೆ ನೀರು ತುಂಬ್ತಾ ಇದೆ. ಒಡೀತು ಅಂದ್ರೆ ಓಣೀಲಿ ಒಬ್ರೂ ಉಳಿಯಲ್ಲ. ಕರ್ಕೊಂಡು ಓಡು.”

“ಗುಡೀಗೆ ಹತ್ತಿಬಿಡೋಣ ಅಪ್ಪಾ. ಎತ್ತರ ಇದೆ.”

“ಗುಡೀ ಹಿಂದಿನ ದಿಬ್ಬಾನೇ ಜರೀತಾ ಇರೋದು, ಕಾಣಲ್ವಾ?” ಅವನು ಬೆರಳು ಮಾಡಿದ ಕಡೆ ಮರಗಳ ತುದಿ ಗಾಳಿಯಿಲ್ಲದೆ ಅಲುಗುತ್ತಿತ್ತು. “ದಾಟೋದೇ ದಾರಿ. ಈಗ್ಲೇ.”

ನಾಲ್ವರು ಹೆಂಗಸರನ್ನು ಎಬ್ಬಿಸಿದಳು. ಬೂಟು ಕೈಯಲ್ಲೇ ಹಿಡಿದುಕೊಂಡು ಬನ್ನಿ ಎಂದಳು. ಅವಳ ದನಿ ಕೇಳಿ ಯಾರೂ ಯಾಕೆ ಎನ್ನಲಿಲ್ಲ. ಇಂಜಿನಿಯರ್ ಮಾತ್ರ ಗವಿಯೊಳಗೆ ನುಗ್ಗಿಯಾಗಿತ್ತು. ಬರೀ ಬೆನ್ನು ಕಾಣುತ್ತಿತ್ತು. ಮಿರ್ತಾ ಗಂಡನ ಹೆಸರು ಹಿಡಿದು ಕೂಗಿದಳು, ಅವನು ತಿರುಗದೆ ಕೈಯಾಡಿಸಿದ.

“ನಾನು ಎಳ್ಕೊಂಡು ಬರ್ತೀನಿ,” ಎಂದು ಒತಿಲಿಯಾ ಎರಡು ಹೆಜ್ಜೆ ಇಟ್ಟಳು. ಅಪ್ಪ ಅವಳ ಮಣಿಕಟ್ಟು ಹಿಡಿದ. ಏಲಕ್ಕಿ ಚೀಲ ಎತ್ತಿ ಎತ್ತಿ ಗಟ್ಟಿಯಾದ ಕೈ, ಬಿಡಿಸಿಕೊಳ್ಳಲಾಗಲಿಲ್ಲ.

“ಕಲ್ಲಿನ ಮುಂದೆ ಎಷ್ಟು ಹೇಳ್ದೆ?”

“ನೀನೂ ಕೇಳ್ದೆಯಲ್ಲ. ಏಳು.”

“ಎಷ್ಟಿತ್ತು?”

ಅವಳ ಕಣ್ಣಲ್ಲಿ ನೀರು ತುಂಬಿತು. ಇಪ್ಪತ್ತೊಂಬತ್ತು ವರ್ಷದ ಹೆಂಗಸು, ಸಕ್ಕರೆ ಕದ್ದು ಸಿಕ್ಕಿಬಿದ್ದ ಮಗುವಿನ ಹಾಗೆ ನಿಂತಳು. “ಎಂಟು,” ಎಂದಳು. “ಈ ಸಲ ನಿಲ್ಲುತ್ತೆ ಅಂತ… ಯಾರಿಗೂ ಹೇಳ್ಬಾರ್ದು ಅಂತ ಅಪ್ಪಾ. ಲಾಸಾರೊಗೂ ಹೇಳಿಲ್ಲ.”

ಬೈಯುತ್ತಾನೆ ಎಂದುಕೊಂಡಳು. ಮುದುಕನ ಮುಖ ಒಂದು ಕ್ಷಣ ಬೆಳಗಿತು, ಹಬ್ಬದ ದಿನ ಬೆಳಗುವ ಹಾಗೆ. ನಂತರ ಅವನು ಸಣ್ಣಗಾದ ಜಲಪಾತವನ್ನು ನೋಡಿದ, ಹೊರಬಂದ ಗವಿಯನ್ನು ನೋಡಿದ, ಮತ್ತೆ ಮಗಳನ್ನು ನೋಡಿದ. ಅವಳ ಹೊಟ್ಟೆಯ ಮೇಲೆ ಅಂಗೈ ಇಟ್ಟು ತೆಗೆದ.

“ಪೆದ್ದು ಮುಂಡೇದೆ,” ಎಂದ. “ನೀನು ಮುಂದೆ ಹೋಗು. ಅವನನ್ನ ನಾನು ತರ್ತೀನಿ. ತಿರುಗಿ ನೋಡ್ಬೇಡ.”

“ನೀನು ಬರ್ತೀಯ ತಾನೆ?”

“ಹೋಗೇ!” ಎಂದ. ಅಷ್ಟು ಹೊತ್ತಿನಲ್ಲಿ ಗಂಟಲಿಂದ ದನಿ ಎಂದು ಹೊರಟದ್ದು ಅದೊಂದೇ.

*

ಓಣಿಯಲ್ಲಿ ಅವರು ಓಡಿದರು. ಬಲಕ್ಕೆ ಬಂಡೆಯ ಗೋಡೆ, ಎಡಕ್ಕೆ ಹೊಳೆ. ಹೊಳೆಯೆಂದು ಹೇಳಲು ಅಲ್ಲೇನೂ ಉಳಿದಿರಲಿಲ್ಲ. ಬೆಳಿಗ್ಗೆ ಮಂಡಿಯುದ್ದವಿದ್ದ ಕಡೆ ಈಗ ಪಾದ ತೋಯುವಷ್ಟು ನೀರು. ಕಲ್ಲುಗಳ ನಡುವೆ ಮೀನುಗಳು ಬಡಿದುಕೊಳ್ಳುತ್ತಿದ್ದವು. ಟೀಚರಮ್ಮಂದಿರಲ್ಲಿ ಚಿಕ್ಕವಳು ಸಮಾಧಾನದಿಂದ, “ಅಯ್ಯೋ, ಇಷ್ಟೇನಾ? ಹಗ್ಗಾನೇ ಬೇಡ!” ಎಂದಳು. ಒತಿಲಿಯಾ ಅವಳ ರಟ್ಟೆ ಹಿಡಿದು ಹೆಚ್ಚುಕಡಿಮೆ ಎಸೆದೇಬಿಟ್ಟಳು ಆಚೆ ದಂಡೆಗೆ. ಇಷ್ಟು ಕಡಿಮೆ ನೀರನ್ನು ಕಂಡು ಅವಳಿಗೆ ಹೆದರಿಕೆಯಾದಷ್ಟು ತುಂಬಿದ ಹೊಳೆ ಕಂಡು ಎಂದೂ ಆಗಿರಲಿಲ್ಲ.

ನಾಲ್ವರನ್ನೂ ದಾಟಿಸಿ, ಎತ್ತರದ ದಿಬ್ಬಕ್ಕೆ ಹತ್ತಿಸಿ ತಿರುಗಿದಳು. ತಿರುಗಬೇಡ ಎಂದಿದ್ದ, ತಿರುಗಿದಳು. ಓಣಿಯ ತಿರುವಿನಲ್ಲಿ ಇಂಜಿನಿಯರ್ ಕಾಣಿಸಿಕೊಂಡ. ಕ್ಯಾಮೆರಾ ಇಲ್ಲ, ಒಂದು ಬೂಟಿಲ್ಲ, ಮುಖ ಸುಣ್ಣ. ಅವನ ಅಂಗಿಯ ಕುತ್ತಿಗೆಪಟ್ಟಿ ಹಿಡಿದು ಅಪ್ಪ ಹಿಂದಿನಿಂದ ಕತ್ತೆ ಅಟ್ಟುವ ಹಾಗೆ ನೂಕಿಕೊಂಡು ಬರುತ್ತಿದ್ದ. ಇಂಥ ಹೊತ್ತಿನಲ್ಲೂ ಅದನ್ನು ಕಂಡು ಒತಿಲಿಯಾಳಿಗೆ ನಗು ಬಂದಂತಾಯಿತು.

ಆಗ ಕೋತಿಗಳು ಅರಚಿದವು. ಬೆಳಗಿನಿಂದ ಹಿಡಿದಿಟ್ಟದ್ದೆಲ್ಲ ಒಮ್ಮೆಗೇ, ಕಾಡಿನ ಈ ತುದಿಯಿಂದ ಆ ತುದಿಗೆ.

ಅಪ್ಪ ಇಂಜಿನಿಯರನನ್ನು ನೀರಿಗೆ ದಬ್ಬಿದ. ಅವನು ಹಗ್ಗ ತಬ್ಬಿಕೊಂಡು, ಬಿದ್ದು ಎದ್ದು, ಅರ್ಧ ದಾರಿ ಬಂದ. ಒತಿಲಿಯಾ ಇಳಿದು ಕೈ ಚಾಚಿದಳು. ಅವನ ಕೈ ಸಿಕ್ಕಿತು. ಎಳೆದಳು. ಅವನು ದಂಡೆಗೆ ಬಿದ್ದ ಕೂಡಲೇ ಮೇಲಿನ ತಿರುವಿನಿಂದ ಹೊಳೆ ಬಂತು. ಅದು ನೀರಿನ ಹಾಗೆ ಬರಲಿಲ್ಲ. ಮರ, ಬೇರು, ಕಲ್ಲು, ಕೆಸರು ಎಲ್ಲ ಕಟ್ಟಿಕೊಂಡು ಒಂದು ಮನೆಯಷ್ಟೆತ್ತರದ ಗೋಡೆಯೇ ಎದ್ದು ನಡೆದು ಬಂದಂತೆ ಬಂತು. ಹಗ್ಗ ನೂಲಿನ ಹಾಗೆ ಹರಿಯಿತು.

ಅಪ್ಪ ಆಚೆ ದಂಡೆಯಲ್ಲೇ ಇದ್ದ. ಓಣಿ ಮುಳುಗಿತ್ತು. ಬಂಡೆಯ ಗೋಡೆಯಲ್ಲಿ ಎರಡಾಳೆತ್ತರದಲ್ಲಿ ಮುಂದಕ್ಕೆ ಚಾಚಿದ ಒಂದು ಕಲ್ಲು, ಅದರ ಮೇಲೆ ಹೇಗೋ ಹತ್ತಿ ನಿಂತಿದ್ದ. ಎಡಗೈಯಲ್ಲಿ ಮರದ ಬೇರೊಂದನ್ನು ಹಿಡಿದಿದ್ದ. ಟೋಪಿ ಇರಲಿಲ್ಲ. ನೆರೆ ಅವನ ಕಾಲ ಕೆಳಗೆ ಕುದಿಯುತ್ತಿತ್ತು, ಏರುತ್ತಿತ್ತು.

“ಅಪ್ಪಾ! ಮೇಲಕ್ಕೆ ಹತ್ತು! ಹತ್ತಪ್ಪಾ!” ಒತಿಲಿಯಾ ಗಂಟಲು ಹರಿಯುವಂತೆ ಕಿರುಚಿದಳು. ಅವಳ ದನಿ ಅವಳಿಗೇ ಕೇಳಿಸಲಿಲ್ಲ.

ಅಪ್ಪ ಅವಳನ್ನು ನೋಡಿದ. ಬಲಗೈ ಎತ್ತಿದ. ಕೈ ಬೀಸಿ ಕರೆಯಲಿಲ್ಲ, ಕಾಪಾಡು ಎನ್ನಲಿಲ್ಲ. ಮೊಣಕೈ ಮಡಿಸಿ, ಮುಂಗೈಯನ್ನು ಎದೆಯ ಮುಂದೆ ಅಡ್ಡ ಹಿಡಿದ. ಆಮೇಲೆ ಅದೇ ಕೈಯ ಎರಡು ಬೆರಳು ಎತ್ತಿದ.

ನೀರು ಪಾದಕ್ಕೆ ಬಂತು. ಅವನು ಮತ್ತೆ ತೋರಿಸಿದ. ಅಡ್ಡಗೈ, ಎರಡು ಬೆರಳು.

“ಏಳು,” ಎಂದ ಇಂಜಿನಿಯರ್. ಅವನ ಹಲ್ಲು ಕಟಕಟಿಸುತ್ತಿತ್ತು. “ಏಳು ಅಂತಿದ್ದಾರೆ. ಏನು ಏಳು? ಯಾಕೆ ಏಳು?”

ಒತಿಲಿಯಾ ಬೇಡ ಎಂದು ತಲೆಯಾಡಿಸಿದಳು. ಎರಡು ಕೈಯನ್ನೂ ಎತ್ತಿ ಎಂಟು ಬೆರಳು ತೋರಿಸಿದಳು. ಎಂಟು ಅಪ್ಪಾ, ಎಂಟು. ಮುದುಕನಿಗೆ ಸಿಟ್ಟು ಬಂತು. ಅಷ್ಟು ದೂರದಿಂದಲೂ ಕಂಡಿತು, ಅವಳಿಗೆ ಚೆನ್ನಾಗಿ ಪರಿಚಯವಿದ್ದ ಸಿಟ್ಟು. ಮುಂಗೈಯನ್ನು ಎದೆಗೆ ಬಡಿದು ಬಡಿದು ಅಡ್ಡ ಹಿಡಿದ, ಎರಡು ಬೆರಳನ್ನು ಅವಳ ಮುಖಕ್ಕೇ ತಿವಿಯುವಂತೆ ಎತ್ತಿದ.

ಬೇರು ಸಮೇತ ಕಿತ್ತುಬಂದ ಒಂದು ಹೆಮ್ಮರ ಇಬ್ಬರ ನಡುವೆ ಅಡ್ಡಲಾಗಿ ತಿರುಗುತ್ತ ಹೋಯಿತು. ಅದು ಕಳೆಯಲು ಬಹಳ ಹೊತ್ತು ಹಿಡಿಯಿತು. ಕಳೆದ ಮೇಲೆ ನೋಡಿದರೆ ಬೇರು ನೇತಾಡುತ್ತಿತ್ತು, ಚಾಚಿದ ಕಲ್ಲಿನ ಮೇಲೆ ಯಾರೂ ಇರಲಿಲ್ಲ.

*

ದಂಡೆಯುದ್ದಕ್ಕೂ ಅವಳು ಕೆಳಗೆ ಓಡಿದಳು, ಮೇಲೆ ಓಡಿದಳು, ಹೆಸರು ಹಿಡಿದು ಕೂಗಿದಳು. ಇಂಜಿನಿಯರನೂ ಒಂದೇ ಬೂಟಿನಲ್ಲಿ ಅವಳ ಹಿಂದೆ ಓಡಿದ, ಅವನೂ ಕೂಗಿದ. ಅವಳು ನಿಂತ ದಿಬ್ಬದ ಅಂಚು ಕುಸಿಯತೊಡಗಿದಾಗ ಮಿರ್ತಾ ಬಂದು ಹಿಂದಿನಿಂದ ತಬ್ಬಿ ಹಿಡಿದುಕೊಂಡಳು. ಒತಿಲಿಯಾ ಹೊಟ್ಟೆಯ ಮೇಲೆ ಇಟ್ಟುಕೊಂಡಿದ್ದ ಕೈಯನ್ನು ನೋಡಿದಳು. ಹಿಡಿತ ಇನ್ನಷ್ಟು ಬಿಗಿ ಮಾಡಿದಳು.

ಅರ್ಧ ಗಂಟೆಯ ದಾರಿಯನ್ನು ಅವರು ಹೇಗೆ ನಡೆದು ಬಂದರೋ. ಕರಿಕಲ್ಲಿನ ಮುಂದೆ ಬತ್ತಿ ಇನ್ನೂ ಉರಿಯುತ್ತಿತ್ತು. ಬೆಳಿಗ್ಗೆ ಹಚ್ಚಿದ್ದು, ಬೆರಳಿನ ಒಂದು ಗೆಣ್ಣಿನಷ್ಟು ಉಳಿದಿತ್ತು.

“ಇಲ್ಲಿ ಯಾಕೆ ನಿಂತ್ಕೊಂಡ್ರಿ? ಊರಿಗೆ ಹೋಗೋಣ, ಜನ ಕರೆಯೋಣ, ಹಗ್ಗ, ದೋಣಿ,” ಎಂದ ಇಂಜಿನಿಯರ್.

“ಹೋಗಿ, ಕರೀರಿ. ನನಗೆ ಒಂದು ನಿಮಿಷದ ಕೆಲಸ ಇದೆ.”

ಯಾರೂ ಕದಲಲಿಲ್ಲ. ಅವಳು ಮಂಡಿಯೂರಿದಳು. ಬಲಗಡೆ ಮೊಣಕೈ ತಗುಲಲು ಯಾರೂ ಇರಲಿಲ್ಲ.

ಎಂಟು ಎಂದು ಹೇಳಿಬಿಡಬಹುದಿತ್ತು. ಎಂಟು ಜನ ಹೋಗಿದ್ದೆವು, ಒಬ್ಬನನ್ನು ಇಟ್ಟುಕೊಂಡಿದ್ದೀಯ, ಕೊಡು ಎಂದು ಜಗಳ ತೆಗೆಯಬಹುದಿತ್ತು. ಲೆಕ್ಕ ತೆರೆದೇ ಇರುತ್ತಿತ್ತು. ಎಲ್ಲೋ ಕೆಳಗೆ, ಯಾವುದೋ ಕೊಂಬೆ ಹಿಡಿದುಕೊಂಡು ಅವನು ಇನ್ನೂ ಇದ್ದರೆ? ಆದರೆ ತೆರೆದ ಲೆಕ್ಕದಲ್ಲಿ ಎಂಟನೆಯದೂ ಇರುತ್ತದೆ, ಹೆಸರಿಲ್ಲದ್ದು, ಇನ್ನೂ ಒಂಬತ್ತು ದಿನ ಬಾಕಿ ಇರುವಂಥದ್ದು. ಗುಡ್ಡ ಯಾವತ್ತೋ ಒಂದು ದಿನ ಹಿತ್ತಲಿಗೆ ಬಂದು ಕೇಳುತ್ತದೆ. ಅಪ್ಪನಿಗೆ ಇದೆಲ್ಲ ಅಲ್ಲೇ, ಒಂದು ಕೈಯಲ್ಲಿ ಬೇರು ಹಿಡಿದುಕೊಂಡೇ ಹೊಳೆದಿತ್ತು. ಅಥವಾ ಅದಕ್ಕೂ ಮೊದಲೇ, ಅವಳ ಮಣಿಕಟ್ಟು ಬಿಡುವಾಗಲೇ.

ಸಿಟ್ಟು ಉಕ್ಕಿತು ಅವಳಿಗೆ. ಗುಡ್ಡದ ಮೇಲೆ, ಇಂಜಿನಿಯರನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಬೆಳಿಗ್ಗೆ ಇದೇ ಜಾಗದಲ್ಲಿ ಕೂತಿದ್ದ ತನ್ನ ಮೇಲೆ.

“ಅಪ್ಪಾ ಸಕ್‌ಪೆಕ್, ಅಮ್ಮಾ ಸಕ್‌ಪೆಕ್,” ಎಂದು ಶುರುಮಾಡಿದಳು. ದನಿ ಒಡೆಯಿತು. ಮುಂದಿನದು ಪಿಸುಮಾತಾಗಿ ಹೊರಟಿತು. ತಡೆದಳು. ಪಿಸುಗುಟ್ಟಿದರೆ ಒಪ್ಪುವ ಮುದುಕನಲ್ಲ ಅವನು. ಉಸಿರು ಎಳೆದುಕೊಂಡು, ಆಚೆ ದಿಬ್ಬದ ಹಂದಿಗಳು ತಿರುಗಿ ನೋಡುವ ಹಾಗೆ, ಹೊಳೆಯ ತಳದಲ್ಲಿದ್ದವರಿಗೂ ಕೇಳುವ ಹಾಗೆ ಕೂಗಿದಳು.

“ಏಳು ಜನ ಹೋಗಿದ್ವಿ! ಏಳು ಜನ ಬಂದಿದ್ದೀವಿ!”

ಹಿಂದೆ ನಿಂತಿದ್ದ ಇಂಜಿನಿಯರನಿಗೆ ಅವಳ ಭಾಷೆ ಗೊತ್ತಿರಲಿಲ್ಲ. ಆದರೆ ಕೂಗುವಾಗ ಅವಳು ಬಲ ಮುಂಗೈಯನ್ನು ಎದೆಯ ಮುಂದೆ ಅಡ್ಡ ಹಿಡಿದು ಎರಡು ಬೆರಳು ಎತ್ತಿದ್ದನ್ನು ನೋಡಿದ. ಸುತ್ತ ಒಮ್ಮೆ ಎಣಿಸಿದ. ಮೂವರು ಟೀಚರಮ್ಮಂದಿರು, ಮಿರ್ತಾ, ತಾನು, ಇವಳು. ದುಃಖಕ್ಕೆ ಪಾಪ ತಲೆ ಕೆಟ್ಟಿದೆ ಎಂದುಕೊಂಡ.

“ಆರು ಕಣಮ್ಮಾ,” ಎಂದು ಮೆತ್ತಗೆ ಹೇಳಿದ. “ನಾವು ಆರೇ ಜನ ಬಂದಿರೋದು.”

ಒತಿಲಿಯಾ ತಿರುಗಿ ನೋಡಲಿಲ್ಲ. ಹೆಬ್ಬೆರಳು ತೋರುಬೆರಳಿನ ನಡುವೆ ಬತ್ತಿಯನ್ನು ಹಿಸುಕಿ ಆರಿಸಿದಳು.